ಗಯಾದ ಕಲೆಕ್ಟರ್ ಸಾಹೇಬ ವಾಷಿಂಗ್ಟನ್ನಲ್ಲಿ ಬಿಲ್ಡರ್ ಆದ ಕಥೆ: ಥಾಮಸ್ ಲಾ ಬಗ್ಗೆ ಮಾತಾಡೋಣ

ಪೊಟೋಮ್ಯಾಕ್ ದಂಡೆ:

ಎಲ್ರಿಗೂ ನಮಸ್ಕಾರ. ವಾಷಿಂಗ್ಟನ್ ಊರು ಅಂದ ಕೂಡ್ಲೆ ಎಲ್ರೂ ಲೆನ್‌ಫಾಂಟ್ 1791ರಲ್ಲಿ ಬರೆದ ನಕ್ಷೆ ಬಗ್ಗೆನೇ ಹೇಳ್ತಾರೆ. ಆದ್ರೆ ಆ ನಕ್ಷೆ ಇದ್ದಿದ್ದು ಕಾಗದದ ಮೇಲೆ, ಅದನ್ನ ನಂಬಿ ಕಾಡು ಹೊಲ ಕೆಸರಿನ ಮಧ್ಯೆ ದುಡ್ಡು ಸುರಿದು ಮನೆ ಕಟ್ಟಿಸಿದವ್ರು ಯಾರು ಅಂತ ಯಾರೂ ಕೇಳಲ್ಲ. ಅವ್ರಲ್ಲಿ ಒಬ್ಬನ ಕಥೆ ನಮ್ಮವ್ರಿಗೆ ಗೊತ್ತಾಗ್ಲೇಬೇಕು, ಯಾಕಂದ್ರೆ ಅವನು ಅಲ್ಲಿ ಹಾಕಿದ ದುಡ್ಡು ಇಂಡಿಯಾದಲ್ಲಿ ಮಾಡಿದ್ದು.

ಥಾಮಸ್ ಲಾ. ಹುಟ್ಟಿದ್ದು 1756, ಇಂಗ್ಲೆಂಡಿನ ಕೇಂಬ್ರಿಡ್ಜಲ್ಲಿ. ಅಪ್ಪ ಕಾರ್ಲೈಲ್ ಬಿಷಪ್. ಅಣ್ಣ ತಮ್ಮಂದಿರಲ್ಲಿ ಇಬ್ಬರು ಬಿಷಪ್ ಆದ್ರು, ಇನ್ನೊಬ್ಬ ಎಡ್ವರ್ಡ್ ಲಾ, ವಾರನ್ ಹೇಸ್ಟಿಂಗ್ಸ್ ಮೇಲೆ ಪಾರ್ಲಿಮೆಂಟಲ್ಲಿ ಮಹಾಭಿಯೋಗ ನಡೀತಲ್ಲ, ಅದ್ರಲ್ಲಿ ಹೇಸ್ಟಿಂಗ್ಸ್ ಪರ ವಾದ ಮಾಡಿದ ದೊಡ್ಡ ವಕೀಲ, ಆಮೇಲೆ ಚೀಫ್ ಜಸ್ಟಿಸ್ ಆದ. ಆ ಎಡ್ವರ್ಡ್ ಮಗನೇ 1842ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಎಲೆನ್‌ಬರೋ. ಅಂಥಾ ಮನೆತನದ ಹುಡುಗ ಥಾಮಸ್ 1773ರಲ್ಲಿ ಈಸ್ಟ್ ಇಂಡಿಯಾ ಕಂಪನಿ ನೌಕರಿಗೆ ಅಂತ ಬಂಗಾಳಕ್ಕೆ ಬಂದ, 1780ರ ದಶಕದಲ್ಲಿ ಬಿಹಾರದ ಕಲೆಕ್ಟರ್ ಆಗಿ ಗಯಾದಲ್ಲಿ ಕೂತ. ಗಯಾ ಊರಲ್ಲಿ ಇವತ್ತಿಗೂ ಸಾಹೇಬ್‌ಗಂಜ್ ಅಂತ ಒಂದು ಭಾಗ ಇದೆ, ವಿಷ್ಣುಪಾದದ ಹತ್ರ ಇರೋ ಹಳೇ ಊರು ಬೇರೆ, ಈ ಭಾಗ ಬೇರೆ. ಅದನ್ನ ಬೆಳೆಸಿದವನು ಇದೇ ಲಾ. ಅಂದ್ರೆ ವಾಷಿಂಗ್ಟನ್ನಿಗೆ ಹೋಗೋಕೆ ಮುಂಚೆನೇ ಊರು ಕಟ್ಟೋ ಹುಚ್ಚು ಇತ್ತು ಅವನಿಗೆ.

1791ರಲ್ಲಿ ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ವಾಪಸ್ ಹೋದ, 1794ರಲ್ಲಿ ಗಂಟು ಮೂಟೆ ಕಟ್ಕೊಂಡು ಅಮೆರಿಕಕ್ಕೆ ಬಂದ. ಅದೇ ವರ್ಷ ಡಿಸೆಂಬರಲ್ಲಿ ಹೊಸ ರಾಜಧಾನಿಲಿ ಸುಮಾರು 500 ನಿವೇಶನ ಒಂದೇ ಏಟಿಗೆ ಕೊಂಡ. ಆಗ ಆ ಊರಲ್ಲಿ ಸರ್ಕಾರ ಇನ್ನೂ ಬಂದಿರ್ಲಿಲ್ಲ, ಫಿಲಡೆಲ್ಫಿಯಾದಲ್ಲೇ ಇತ್ತು, 1800ಕ್ಕೆ ಬರತ್ತೆ ಅಂತ ಕಾನೂನಲ್ಲಿ ಬರೆದಿತ್ತು ಅಷ್ಟೆ.

ಲಾ ದೇವರಂಥ ಮನುಷ್ಯ ಅಂತ ನಾನು ಹೇಳ್ತಾ ಇಲ್ಲ. ಅವನ ಜೊತೆಗಿದ್ದ ದೊಡ್ಡ ದೊಡ್ಡ ಹೆಸರಿನವ್ರೆಲ್ಲ ಸೈಟ್ ಪೇಪರ್ ಕೈಯಿಂದ ಕೈಗೆ ದಾಟಿಸಿ ದುಡ್ಡು ಮಾಡೋಕೆ ಹೋಗಿ ಜೈಲು ಸೇರಿದ್ರು, ಇವನೊಬ್ಬ ನಿಂತು ಕಟ್ಟಿಸಿದ, ನಲವತ್ತು ವರ್ಷ ಅದೇ ಊರಿಗೆ ಅಂಟ್ಕೊಂಡಿದ್ದ. ಆದ್ರೂ ಸೋತ. ಯಾಕೆ ಸೋತ ಅನ್ನೋದೇ ನನಗೆ ಮುಖ್ಯ ಅನ್ಸೋದು. ಗೊತ್ತಿರೋರು ಸೇರಿಸಿ.

ಸಿವಿಲ್ ಶೆಟ್ರು:

ಒಳ್ಳೆ ವಿಷಯ ತೆಗೆದ್ರಿ ಸರ್. ನಾನು ಮೂವತ್ತು ವರ್ಷದಿಂದ ಕಟ್ಟಡದ ಕೆಲಸದಲ್ಲೇ ಇರೋನು, ನನಗೆ ಮೊದ್ಲು ಬರೋ ಪ್ರಶ್ನೆ, ಅವನಿಗೆ ಸೈಟ್ ಮಾರಿದವನು ಯಾರು, ಅವನ ಹತ್ರ ಕ್ಲಿಯರ್ ಟೈಟಲ್ ಇತ್ತಾ? ಸರ್ಕಾರದಿಂದ ನೇರ ಕೊಂಡ್ನಾ ಅಥವಾ ಮಧ್ಯದಲ್ಲಿ ಯಾರಾದ್ರೂ ಇದ್ರಾ?

ಪೊಟೋಮ್ಯಾಕ್ ದಂಡೆ:

ಶೆಟ್ರೇ, ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ, ಅಲ್ಲೇ ಇರೋದು ಎಲ್ಲಾ.

ಮಧ್ಯದಲ್ಲಿದ್ದವನು ಜೇಮ್ಸ್ ಗ್ರೀನ್‌ಲೀಫ್. ಬಾಸ್ಟನ್ನಿನವನು, ಲಾ ಜೊತೆ ವ್ಯವಹಾರ ಮಾಡುವಾಗ ಇನ್ನೂ ಮೂವತ್ತು ತುಂಬಿರ್ಲಿಲ್ಲ. ನಿಘಂಟು ಮಾಡಿದ ನೋವಾ ವೆಬ್‌ಸ್ಟರ್ ಇದ್ದಾರಲ್ಲ, ಅವರ ಹೆಂಡ್ತಿಯ ಅಣ್ಣ. ಆಮ್‌ಸ್ಟರ್‌ಡ್ಯಾಮಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದ, ಡಚ್ ಸಾಹುಕಾರರು ನನ್ನ ಕೈಲಿದಾರೆ, ಅವ್ರಿಂದ ಸಾಲ ತರ್ತೀನಿ ಅಂತ ಎಲ್ರನ್ನೂ ನಂಬಿಸಿದ. ಊರು ಕಟ್ಟೋಕೆ ನೇಮಕ ಆಗಿದ್ದ ಕಮಿಷನರ್‌ಗಳ ಪರಿಸ್ಥಿತಿ ಹೇಗಿತ್ತು ಅಂದ್ರೆ, 1791ರ ಅಕ್ಟೋಬರಲ್ಲಿ ಮಾಡಿದ ಮೊದಲ ಹರಾಜಲ್ಲಿ ಹೋಗಿದ್ದೇ 35 ನಿವೇಶನ. ನಿವೇಶನ ಮಾರಿದ ದುಡ್ಡಲ್ಲೇ ಕ್ಯಾಪಿಟಲ್ಲು (ಅಮೆರಿಕದ ಸಂಸತ್ತು, ಅಂದ್ರೆ ಕಾಂಗ್ರೆಸ್ಸು, ಕೂರೋ ಕಟ್ಟಡ), ಅಧ್ಯಕ್ಷರ ಮನೆ ಎಲ್ಲ ಕಟ್ಟಬೇಕು ಅನ್ನೋದು ಪ್ಲಾನು, ಕೊಳ್ಳೋರೇ ಇಲ್ಲ. ಅಂಥ ಹೊತ್ತಲ್ಲಿ ಈ ಹುಡುಗ ಬಂದು 3,000 ನಿವೇಶನ ತಗೋತೀನಿ ಅಂದ. 1793ರ ಕೊನೇಲಿ ರಾಬರ್ಟ್ ಮಾರಿಸ್ ಮತ್ತೆ ಜಾನ್ ನಿಕಲ್ಸನ್ ಸೇರ್ಕೊಂಡು ಒಟ್ಟು 6,000 ನಿವೇಶನ, ಒಂದಕ್ಕೆ 80 ಡಾಲರ್, ಏಳು ವರ್ಷದ ಕಂತು, ಬಡ್ಡಿ ಇಲ್ಲ, ಅದಕ್ಕೆ ಬದಲು ವರ್ಷಕ್ಕೆ ಇಷ್ಟು ಇಟ್ಟಿಗೆ ಮನೆ ಕಟ್ಟಬೇಕು ಅನ್ನೋ ಷರತ್ತು.

ಮಾರಿಸ್ ಅಂದ್ರೆ ಸಾಮಾನ್ಯ ಆಸಾಮಿ ಅಲ್ಲ. ಸ್ವಾತಂತ್ರ್ಯ ಯುದ್ಧದ ಕೊನೆ ಹಂತದಲ್ಲಿ ದೇಶದ ಹಣಕಾಸು ನೋಡ್ಕೊಂಡವನು, ಸ್ವಾತಂತ್ರ್ಯ ಘೋಷಣೆಗೂ ಸಂವಿಧಾನಕ್ಕೂ ಎರಡಕ್ಕೂ ಸಹಿ ಹಾಕಿದವನು. ಅವನ ಹೆಸರು ಇದೆ ಅಂದ್ಮೇಲೆ ಯಾರು ಅನುಮಾನ ಪಡ್ತಾರೆ?

ಈಗ ಲಾ ವಿಷಯ. 80 ಡಾಲರಿಗೆ ಒಪ್ಕೊಂಡಿದ್ದ ನಿವೇಶನಗಳನ್ನ ಗ್ರೀನ್‌ಲೀಫ್ ಲಾಗೆ ಮಾರಿದ್ದು ಮೂರು ಪಟ್ಟಿಗಿಂತ ಜಾಸ್ತಿ ರೇಟಿಗೆ. ಲಾ ಕೊಟ್ಟಿದ್ದು ಗಟ್ಟಿ ದುಡ್ಡು, ಗ್ರೀನ್‌ಲೀಫ್ ಕಮಿಷನರ್‌ಗಳಿಗೆ ಕಟ್ಟಬೇಕಿದ್ದಿದ್ದು ಕಂತು. 1795ರ ಜನವರಿಲಿ ಫ್ರೆಂಚ್ ಸೈನ್ಯ ಹಾಲೆಂಡಿಗೆ ನುಗ್ಗಿದ್ಮೇಲೆ ಡಚ್ ಸಾಲದ ಆಸೆನೂ ಹೋಯ್ತು, ಕಂತು ನಿಂತೋಯ್ತು. ಮೂಲ ಮಾಲೀಕರಿಗೇ ಹಣ ಹೋಗಿಲ್ಲ ಅಂದ್ಮೇಲೆ ಕೊನೇಲಿ ಕೊಂಡವನಿಗೆ ಪತ್ರ ಯಾರು ಮಾಡ್ಕೊಡ್ತಾರೆ ಹೇಳಿ? ಅಲ್ಲಿಂದ ಶುರುವಾದ ತಕರಾರು, ಕಟ್ಟಡದ ಷರತ್ತು ಯಾರ ತಲೆ ಮೇಲೆ, ಅಡಮಾನ ಯಾರದ್ದು ಅಂತ ಎಳೆದೂ ಎಳೆದೂ 1815ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ತೀರ್ಪಿಗೆ ಬಂತು. ಕೇಸಿನ ಹೆಸರು ಪ್ರಾಟ್ ವರ್ಸಸ್ ಲಾ. ಕ್ರಯ ಆಗಿ ಇಪ್ಪತ್ತು ವರ್ಷ ಆದ್ಮೇಲೆ.

ಮಾರಿಸ್, ನಿಕಲ್ಸನ್, ಗ್ರೀನ್‌ಲೀಫ್ ಮೂವರೂ ಫಿಲಡೆಲ್ಫಿಯಾದ ಪ್ರೂನ್ ಸ್ಟ್ರೀಟ್ ಸಾಲಗಾರರ ಜೈಲಿಗೆ ಹೋದ್ರು. ನಿಕಲ್ಸನ್ ಅಲ್ಲೇ 1800ರಲ್ಲಿ ಸತ್ತ. ಮಾರಿಸ್ 1798ರಿಂದ 1801ರ ತನಕ ಒಳಗಿದ್ದ, ಜಾರ್ಜ್ ವಾಷಿಂಗ್ಟನ್ ಆ ಜೈಲಿಗೇ ಹೋಗಿ ಅವನ ಜೊತೆ ಕೂತು ಊಟ ಮಾಡಿ ಬಂದ್ರು.

ಬಳ್ಳಾರಿ ಬಿಸಿಲು:

ನಮಸ್ಕಾರ್ರೀ ಎಲ್ಲಾರಿಗೂ. ನೀವು ಸೈಟಿನ ಕಥಿ ಹೇಳಾಕತ್ತೀರಿ, ನಾ ಆ ದುಡ್ಡು ಎಲ್ಲಿಂದ ಬಂತು ಅನ್ನೋದು ಸ್ವಲ್ಪ ಹೇಳ್ತೀನಿ, ಯಾಕಂದ್ರ ಅದನ್ನ ಬಿಟ್ಟು ಈ ಮನಷ್ಯಾನ ಜೀವನ ಅರ್ಥ ಆಗಂಗಿಲ್ಲ.

ಈ ಲಾ ಬಿಹಾರದಾಗ ಇದ್ದಾಗ ಮುಕರ್ರರಿ ಅಂತ ಒಂದು ಕಂದಾಯ ಪದ್ಧತಿ ತಂದಾನ. ಅಂದ್ರ ಜಮೀನಿನ ಕಂದಾಯ ಒಮ್ಮೆ ಗೊತ್ತು ಮಾಡಿಬಿಡೂದು, ಆಮ್ಯಾಲ ಏರಿಸಂಗಿಲ್ಲ. ಏರಂಗಿಲ್ಲ ಅಂತ ಖಾತ್ರಿ ಆದ್ರ ಭೂಮಿ ಹಿಡಿದಾವ ತಾನಾಗೇ ಕಾಡು ಕಡಿದು, ಕೆರಿ ಕಟ್ಟಿ, ಭೂಮಿ ಸುಧಾರಸ್ತಾನ ಅನ್ನೋದು ಅವನ ವಾದ. ಇದನ್ನ ಕಾರ್ನ್‌ವಾಲಿಸ್‌ಗೂ ಒಪ್ಪಿಸ್ಯಾನ. 1793ರಾಗ ಬಂಗಾಳದಾಗ ಬಂದ ಕಾಯಂ ಜಮೀನ್ದಾರಿ ಪದ್ಧತಿ ಐತಲ್ಲ, ಅದರ ಹಿಂದ ಇದ್ದ ತಲಿಗಳೊಳಗ ಲಾಂದೂ ಒಂದು. ಅದೇ ಕಾರ್ನ್‌ವಾಲಿಸ್ ನೋಡ್ರಿ, 1781ರಾಗ ಯಾರ್ಕ್‌ಟೌನಿನಾಗ ಅಮೆರಿಕದವರಿಗೆ ಶರಣಾದಾಂವ, ಹತ್ತು ವರ್ಷಕ್ಕ 1791ರಾಗ ಬೆಂಗಳೂರು ಕೋಟಿ ಹಿಡದಾಂವ, ಮರುವರ್ಷ ಶ್ರೀರಂಗಪಟ್ಟಣದಾಗ ಟಿಪ್ಪು ಕಡೆಯಿಂದ ಅರ್ಧ ರಾಜ್ಯ ಬರಿಸಿಕೊಂಡಾಂವ.

ಕಾಯಂ ಪದ್ಧತಿಯಿಂದ ಆಗಿದ್ದೇನು? ಜಮೀನ್ದಾರ ಗಟ್ಟಿಯಾದ, ಉಳುವವನಿಗೆ ಏನೂ ಸಿಗಲಿಲ್ಲ. ನಮ್ಮ ಬಳ್ಳಾರಿ ಸೀಮಿ 1800ರಾಗ ನಿಜಾಮ ಕಂಪನಿಗೆ ಕೊಟ್ಟಮ್ಯಾಲ ಮುನ್ರೋ ಸಾಹೇಬ 1807ರ ತನಕ ಇಲ್ಲಿ ಕಲೆಕ್ಟರ್ ಇದ್ದ, ಆತ ಜಮೀನ್ದಾರರನ್ನ ನಡುವ ನಿಲ್ಲಿಸದ ರೈತನ ಕೂಡ ನೇರವಾಗಿ ಲೆಕ್ಕ ಇಟ್ಟ. ರೈತವಾರಿ ಒಳಗೂ ಜನ ಕಂದಾಯದ ಭಾರಕ್ಕ ನರಳ್ಯಾರ, ಅದು ಬ್ಯಾರೆ ಮಾತು. ಆದ್ರ ಭೂಮಿ ಬಗ್ಗೆ ವಿಚಾರ ಮಾಡೂದ್ರಾಗ ಲಾಗೂ ಮುನ್ರೋಗೂ ಎಷ್ಟು ಅಂತರ ಐತಿ ನೋಡ್ರಿ.

ನನಗ ಅನಸೂದು, ವಾಷಿಂಗ್ಟನ್ನಿನ್ಯಾಗೂ ಲಾ ಅದೇ ವಿಚಾರ ಇಟ್ಕೊಂಡೇ ಹೋಗ್ಯಾನ. ದೊಡ್ಡ ಮಾಲಕನ ಕೈಗೆ ಭೂಮಿ ಕೊಡ್ರಿ, ಅವ ಸುಧಾರಸ್ತಾನ, ಊರು ತಾನ ಬೆಳೀತದ ಅಂತ. ಗಯಾದಾಗ ಅಧಿಕಾರ ಕೈಯಾಗಿತ್ತು, ನಡೀತು. ಅಲ್ಲಿ ಅಧಿಕಾರ ಇರಲಿಲ್ಲ.

ತುಂಗಾತೀರ:

ಬಳ್ಳಾರಿ ಅಣ್ಣ, ತುಂಬಾ ಚೆನ್ನಾಗಿ ಬರೆದ್ರಿ. ನಾನು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳ್ಕೊಡೋಳು, ಕಾಯಂ ಜಮೀನ್ದಾರಿ ಪದ್ಧತಿ ಪಾಠ ಪ್ರತಿ ವರ್ಷ ಮಾಡ್ತೀನಿ, ಪಾಠದಲ್ಲಿ ಕಾರ್ನ್‌ವಾಲಿಸ್ ಹೆಸರು ಮಾತ್ರ ಇರತ್ತೆ.

ಪೊಟೋಮ್ಯಾಕ್ ಸರ್, ಅವನ ಮನೆ ಸಂಸಾರದ ಬಗ್ಗೆ ಏನೂ ಹೇಳ್ಲಿಲ್ಲ ನೀವು. ಇಪ್ಪತ್ತು ವರ್ಷದ ಹತ್ರ ಇಂಡಿಯಾದಲ್ಲಿ ಇದ್ದವನು, ಇಲ್ಲಿ ಸಂಸಾರ ಇರ್ಲಿಲ್ವಾ?

ಪೊಟೋಮ್ಯಾಕ್ ದಂಡೆ:

ಇತ್ತು ಮೇಡಂ. ಭಾರತೀಯ ಹೆಣ್ಣುಮಗಳೊಬ್ಬರಿಂದ ಮೂವರು ಗಂಡು ಮಕ್ಕಳು, ಜಾರ್ಜ್, ಜಾನ್, ಎಡ್ಮಂಡ್. ಮಕ್ಕಳನ್ನ ಅಮೆರಿಕಕ್ಕೆ ಕರೆಸ್ಕೊಂಡ. ತಾಯಿ ಬರ್ಲಿಲ್ಲ. ಆ ಕಾಲದ ಕಂಪನಿ ಸಾಹೇಬರು ಎಷ್ಟೋ ಜನ ಇಂಥ ಮಕ್ಕಳನ್ನ ಇಲ್ಲೇ ಬಿಟ್ಟು ಹೋಗ್ತಿದ್ರು, ಇವನು ಬಿಡ್ಲಿಲ್ಲ, ತನ್ನ ಹೆಸರು ಕೊಟ್ಟ, ಓದಿಸಿದ, ಜಾನ್ ವಾಷಿಂಗ್ಟನ್ನಲ್ಲೇ ವಕೀಲ ಆದ. ಮಕ್ಕಳ ವಿಷಯದಲ್ಲಿ ನಾನು ಅವನನ್ನ ಮೆಚ್ತೀನಿ, ತಾಯಿ ವಿಷಯದಲ್ಲಿ ಮೆಚ್ಚೋಕೆ ಆಗಲ್ಲ.

ಅಮೆರಿಕದಲ್ಲಿ ಮದುವೆ ಆಗಿದ್ದು 1796ರ ಮಾರ್ಚಲ್ಲಿ, ಎಲೈಜಾ ಪಾರ್ಕ್ ಕಸ್ಟಿಸ್ ಅನ್ನೋಳನ್ನ, ಮಾರ್ತಾ ವಾಷಿಂಗ್ಟನ್ ಅವರ ಸ್ವಂತ ಮೊಮ್ಮಗಳು. ಇವನಿಗೆ 39, ಆಕೆಗೆ 19. ಜಾರ್ಜ್ ವಾಷಿಂಗ್ಟನ್ ಆಗ ಅಧ್ಯಕ್ಷರು, ಸುದ್ದಿ ಕೇಳಿ ಅವ್ರಿಗೇ ಆಶ್ಚರ್ಯ, ಮದುವೆಗೆ ಮುಂಚೆ ಹುಡುಗಿ ಹೆಸರಿಗೆ ಆಸ್ತಿ ಬರೆದುಕೊಡಬೇಕು ಅಂತ ಲಾಗೆ ಪತ್ರ ಬರೆದ್ರು. ಗ್ರೀನ್‌ಲೀಫ್ ಕಂಪನಿ ಕಟ್ಟಿಸಿದ್ದ ಮನೆಗಳಲ್ಲಿ ನದಿ ಹತ್ರ ಇದ್ದ ಒಂದರಲ್ಲಿ ಹೊಸ ಜೋಡಿ ಸ್ವಲ್ಪ ದಿನ ಇದ್ರು, ಅದು ಹನಿಮೂನ್ ಹೌಸ್ ಅಂತಾನೇ ಹೆಸರಾಯ್ತು. 1797ರಲ್ಲಿ ಒಬ್ಬ ಮಗಳು ಹುಟ್ಟಿದ್ಲು.

1804ರಲ್ಲಿ ಗಂಡ ಹೆಂಡ್ತಿ ಬೇರೆ ಆದ್ರು. 1811ರಲ್ಲಿ ವರ್ಮಾಂಟಿಗೆ ಹೋಗಿ ವಿಚ್ಛೇದನ ಪಡೆದ. ಅಂಥಾ ದೊಡ್ಡ ಮನೆತನದಲ್ಲಿ ವಿಚ್ಛೇದನ ಅಂದ್ರೆ ಆಗ ಊರೆಲ್ಲ ಮಾತಾಡೋ ವಿಷಯ, ಎಲ್ಲರ ಬಾಯಿಗೂ ಸಿಕ್ಕಿದ್ದು ಆಕೆ, ಇವನಿಗಿಂತ ಆಕೆಗೇ ಜಾಸ್ತಿ ನೋವಾಯ್ತು. 1831ರಲ್ಲಿ ತೀರ್ಕೊಂಡ್ಲು. ನಾಲ್ಕು ಮಕ್ಕಳೂ ಲಾ ಬದುಕಿದ್ದಾಗಲೇ ಹೋಗಿಬಿಟ್ರು.

ತುಂಗಾತೀರ:

ತಾಯಿ ಹೆಸರು ಎಲ್ಲೂ ಬರ್ದಿಲ್ವಲ್ಲ ಸರ್, ಅದೇ ಸಂಕಟ ಆಗತ್ತೆ. ಅಧ್ಯಕ್ಷರ ಮನೆಯ ಹುಡುಗಿಗೆ ಆಸ್ತಿ ಬರೆಸೋಕೆ ಅಧ್ಯಕ್ಷರೇ ಪತ್ರ ಬರೀತಾರೆ, ಈ ಹೆಂಗಸಿನ ಪರ ಯಾರು ಕೇಳಿದ್ರು. ಮೂರು ಮಕ್ಕಳು ಸಮುದ್ರ ದಾಟಿ ಹೋದ್ಮೇಲೆ ಆಕೆ ಹೇಗೆ ಬದುಕಿದ್ಲೋ.

ಕರಾವಳಿ ಓದುಗ:

ಎಲ್ಲಾ ಓದಿದೆ ಮಾರ್ರೆ. ಒಂದು ಮಾತು ಇದ್ರಲ್ಲಿ ಬರ್ಲೇಬೇಕು ಅಂತ ನನಗೆ ಕಾಣ್ತದೆ. ಲಾ ನಿಂತು ಕಟ್ಟಿಸಿದ ಅಂತ ಬರೀತೀರಿ, ಕಟ್ಟಿದ್ದು ಯಾರು? ಆ ಊರಿನ ಕಮಿಷನರ್‌ಗಳು 1792ರಿಂದಲೇ ಸುತ್ತಮುತ್ತಲ ತೋಟದ ಮಾಲೀಕರ ಹತ್ರ ಗುಲಾಮರನ್ನು ಬಾಡಿಗೆಗೆ ತಗೊಳ್ತಿದ್ರು. ಕಾಡು ಕಡಿದದ್ದು, ಕಲ್ಲು ತೆಗೆದದ್ದು, ಮರ ಕೊಯ್ದದ್ದು, ಇಟ್ಟಿಗೆ ಸುಟ್ಟದ್ದು ಅವರು, ವರ್ಷದ ಕೂಲಿ ಹೋದದ್ದು ಮಾಲೀಕರ ಕಿಸೆಗೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಕೂಲಿಯವರು ಗಾರೆಯವರು ಕೂಡ ಇದ್ರು, ಆದ್ರೆ ಆ ಗುಲಾಮರನ್ನು ಬಿಟ್ರೆ ಕ್ಯಾಪಿಟಲ್ ಏಳ್ತಿರ್ಲಿಲ್ಲ. ಗಯಾದ ರೈತನ ಕಂದಾಯದ ದುಡ್ಡು ಒಂದು ಕಡೆ, ಮೇರಿಲ್ಯಾಂಡಿನ ಗುಲಾಮನ ಬೆವರು ಇನ್ನೊಂದು ಕಡೆ, ಎರಡೂ ಒಂದೇ ಊರಲ್ಲಿ ಸೇರಿತು ಅನ್ನುವಾಗ ಬೇಜಾರಾಗ್ತದೆ. ಲಾ ಬಗ್ಗೆ ಎಷ್ಟೇ ಒಳ್ಳೆದು ಹೇಳಿದ್ರೂ ಇದನ್ನು ಬದಿಗಿಟ್ಟು ಹೇಳ್ಲಿಕ್ಕೆ ಆಗುದಿಲ್ಲ.

ಪೊಟೋಮ್ಯಾಕ್ ದಂಡೆ:

ಪೂರ್ತಿ ಒಪ್ತೀನಿ. ಕ್ಯಾಪಿಟಲ್ ವಿಸಿಟರ್ ಸೆಂಟರಲ್ಲಿ ಅದಕ್ಕೆ ಅಂತಾನೇ ಒಂದು ಮರಳುಗಲ್ಲಿನ ಸ್ಮಾರಕ ಇಟ್ಟಿದಾರೆ, ಅದಕ್ಕೂ ಇನ್ನೂರು ವರ್ಷ ಬೇಕಾಯ್ತು.

ಸಿವಿಲ್ ಶೆಟ್ರು:

ನನ್ನ ಪ್ರಶ್ನೆಗೆ ಉತ್ತರ ಸಿಕ್ತು, ಟೈಟಲ್ ಕ್ಲಿಯರ್ ಇರ್ಲಿಲ್ಲ. ಆದ್ರೆ ಸರ್ ಟೈಟಲ್ ತಕರಾರು ಇದ್ರೂ ಎಷ್ಟೋ ಜನ ಬಿಲ್ಡರ್ ಉದ್ಧಾರ ಆಗಿದಾರೆ, ಜಾಗ ಒಳ್ಳೇದಿದ್ರೆ. ಅವನ ಸೈಟೆಲ್ಲ ಎಲ್ಲಿತ್ತು?

ಪೊಟೋಮ್ಯಾಕ್ ದಂಡೆ:

ಹೆಚ್ಚಿನವು ಕ್ಯಾಪಿಟಲ್ ಗುಡ್ಡದಿಂದ ದಕ್ಷಿಣಕ್ಕೆ, ನ್ಯೂಜೆರ್ಸಿ ಅವೆನ್ಯೂ ಉದ್ದಕ್ಕೆ, ಪೂರ್ವದ ಶಾಖೆ ಅಂತಾರಲ್ಲ ಈಗಿನ ಅನಕೋಸ್ಟಿಯಾ ನದಿ, ಅದರ ದಡದ ಕಡೆ. ಅವನ ಲೆಕ್ಕ ಏನು ಕೆಟ್ಟದಿರ್ಲಿಲ್ಲ. ನದಿ ಆಳ ಇದೆ, ಹಡಗು ಬರತ್ತೆ, ಬಂದರು ಆಗತ್ತೆ, ಗುಡ್ಡದ ಮೇಲೆ ಕಾಂಗ್ರೆಸ್ಸು ಕೂರತ್ತೆ, ಮಧ್ಯದಲ್ಲಿ ನನ್ನ ಮನೆಗಳು. ಬರೀ ಮನೆ ಕಟ್ಟಿದ್ರೆ ಜನ ಬರಲ್ಲ, ಕೆಲಸ ಬೇಕು ಅಂತ ಅವನಿಗೆ ಗೊತ್ತಿತ್ತು, ಅದಕ್ಕೇ ನದಿ ದಡದಲ್ಲಿ ಸಕ್ಕರೆ ಶುದ್ಧ ಮಾಡೋ ಕಾರ್ಖಾನೆಗೆ ದುಡ್ಡು ಹಾಕಿದ. ಅದು ಮುಳುಗ್ತು.

1800ರ ನವೆಂಬರಲ್ಲಿ ಸರ್ಕಾರ ಬಂತು. ಆ ವರ್ಷದ ಜನಗಣತಿಲಿ ಊರಿನ ಜನಸಂಖ್ಯೆ 3,210. ಕಾಂಗ್ರೆಸ್ ಸದಸ್ಯರಿಗೆ ಇರೋಕೆ ಜಾಗ ಇಲ್ಲ, ಲಾ ಕಟ್ಟಿಸಿದ್ದ ದೊಡ್ಡ ಮನೆ ನ್ಯೂಜೆರ್ಸಿ ಅವೆನ್ಯೂ ಮತ್ತೆ ಸಿ ಸ್ಟ್ರೀಟ್ ಮೂಲೆಲಿ ಕಾನ್ರಾಡ್ ಮತ್ತು ಮಕ್‌ಮನ್ ಅನ್ನೋರ ವಸತಿಗೃಹ ಆಯ್ತು. ಅಲ್ಲಿ ಇದ್ದವರಲ್ಲಿ ಒಬ್ಬರು ಥಾಮಸ್ ಜೆಫರ್ಸನ್. 1801ರ ಫೆಬ್ರವರಿಲಿ ಅಧ್ಯಕ್ಷ ಚುನಾವಣೆ ಟೈ ಆಗಿ ಮೂವತ್ತಾರನೇ ಸುತ್ತಿನ ಮತದಾನದಲ್ಲಿ ಇತ್ಯರ್ಥ ಆಯ್ತಲ್ಲ, ಆ ಹೊತ್ತಲ್ಲಿ ಜೆಫರ್ಸನ್ ಇದ್ದಿದ್ದು ಲಾ ಕಟ್ಟಿಸಿದ ಮನೆಲಿ. ಮಾರ್ಚ್ 4ರಂದು ಪ್ರಮಾಣ ವಚನಕ್ಕೆ ಅಲ್ಲಿಂದಲೇ ಗುಡ್ಡ ಹತ್ತಿ ನಡ್ಕೊಂಡು ಹೋದ್ರು.

ಆದ್ರೆ ಶೆಟ್ರೇ, ಜನ ಪಶ್ಚಿಮಕ್ಕೆ ಹೋದ್ರು. ಕಾಂಗ್ರೆಸ್ ಸದಸ್ಯ ವರ್ಷದಲ್ಲಿ ಕೆಲವು ತಿಂಗಳು ಬಂದು ವಸತಿಗೃಹದಲ್ಲಿದ್ದು ಊರಿಗೆ ಹೋಗ್ತಾನೆ, ಅವನಿಗೆ ಮನೆ ಯಾಕೆ ಬೇಕು? ವರ್ಷಪೂರ್ತಿ ಇರೋನು ಇಲಾಖೆ ಗುಮಾಸ್ತ. ಇಲಾಖೆಗಳು ಇದ್ದಿದ್ದು ಅಧ್ಯಕ್ಷರ ಮನೆ ಪಕ್ಕ, ಅಲ್ಲಿಂದ ಜಾರ್ಜ್‌ಟೌನ್ ಹತ್ರ, ಅಲ್ಲಿ ಆಗ್ಲೇ ಅಂಗಡಿ, ಮಾರ್ಕೆಟ್, ಶಾಲೆ ಎಲ್ಲ ಇತ್ತು. ಕಮಿಷನರ್‌ಗಳು ಬೇಕಂತಲೇ ಪಶ್ಚಿಮದವ್ರ ಪರ ಇದಾರೆ ಅಂತ ಲಾ ವರ್ಷಗಟ್ಟಲೆ ದೂರಿದ. ನನ್ನ ಪ್ರಕಾರ ಕಮಿಷನರ್‌ಗಳು ಏನೇ ಮಾಡಿದ್ರೂ ಇದೇ ಆಗ್ತಿತ್ತು. ಸಂಬಳ ಎಲ್ಲಿ ಬಟವಾಡೆ ಆಗತ್ತೋ ಅಲ್ಲೇ ಮನೆ ಏಳೋದು.

ಸಿವಿಲ್ ಶೆಟ್ರು:

ಇದು ಸರಿಯಾದ ಮಾತು. ಬಾಡಿಗೆದಾರ ಯಾರು ಅಂತ ತಪ್ಪು ಲೆಕ್ಕ ಹಾಕಿದಾನೆ ಮನುಷ್ಯ. ಆಮೇಲೆ ಬಿಟ್ನಾ?

ಪೊಟೋಮ್ಯಾಕ್ ದಂಡೆ:

ಬಿಡ್ಲಿಲ್ಲ, ಅದಕ್ಕೇ ನನಗೆ ಅವನ ಮೇಲೆ ಅಭಿಮಾನ ಇರೋದು. ಜನ ಈ ಕಡೆ ಬರ್ತಿಲ್ಲ ಅಂದ್ರೆ ಎರಡು ಕಡೆನೂ ಸೇರಿಸೋ ಕಾಲುವೆ ತೋಡೋಣ ಅಂತ ಹೊರಟ. ಪೊಟೋಮ್ಯಾಕ್ ಕಡೆಯ ಟೈಬರ್ ಹಳ್ಳದಿಂದ ಕ್ಯಾಪಿಟಲ್ ಬುಡ ಬಳಸಿ ಪೂರ್ವದ ಶಾಖೆಗೆ. 1802ರಲ್ಲಿ ಒಮ್ಮೆ ಅನುಮತಿ ಸಿಕ್ಕಿ ಕೆಲಸ ಆಗ್ಲಿಲ್ಲ, 1809ರಲ್ಲಿ ಮತ್ತೆ ತಗೊಂಡು 1810ರಲ್ಲಿ ಅಗೆಯೋಕೆ ಶುರು, ಎಂಜಿನಿಯರ್ ಬೆಂಜಮಿನ್ ಲಾಟ್ರೋಬ್, 1815ಕ್ಕೆ ನೀರು ಹರೀತು. ಆದ್ರೆ ನದಿಲಿ ಉಬ್ಬರ ಇಳಿತ, ಇಳಿದಾಗ ನೀರು ಸಾಲಲ್ಲ, ಉಬ್ಬರ ಬಂದಾಗ ಉಕ್ಕತ್ತೆ, ಹೂಳು ತುಂಬತ್ತೆ. ಮುಂದೆ ಊರಿನ ಕೊಚ್ಚೆ ಎಲ್ಲ ಸೇರಿ 1870ರ ದಶಕದಲ್ಲಿ ಮುಚ್ಚಿಬಿಟ್ರು. ಈಗಿನ ಕಾನ್‌ಸ್ಟಿಟ್ಯೂಷನ್ ಅವೆನ್ಯೂ ಒಂದಷ್ಟು ದೂರ ಅದರ ಮೇಲೇ ಇದೆ.

ಅದಕ್ಕಿಂತ ದೊಡ್ಡ ಕೆಲಸ 1814ರಲ್ಲಿ. ಆಗಸ್ಟ್ 24ರಂದು ಬ್ರಿಟಿಷ್ ಸೈನ್ಯ ಬಂದು ಕ್ಯಾಪಿಟಲ್, ಅಧ್ಯಕ್ಷರ ಮನೆ ಸುಟ್ಟು ಹೋಯ್ತು. ಉಳಿದ ಸರ್ಕಾರಿ ಕಟ್ಟಡ ಅಂದ್ರೆ ಪೇಟೆಂಟ್ ಆಫೀಸ್ ಇದ್ದ ಬ್ಲಾಡ್ಜೆಟ್ ಹೋಟೆಲ್, ಕಾಂಗ್ರೆಸ್ಸು ಅಲ್ಲಿ ಇಕ್ಕಟ್ಟಲ್ಲಿ ಸೇರ್ತು. (ಸ್ಯಾಮ್ಯುಯೆಲ್ ಬ್ಲಾಡ್ಜೆಟ್ ಅನ್ನೋನು ಈ ಹೋಟೆಲನ್ನ ಲಾಟರಿ ಬಹುಮಾನ ಅಂತ ಕಟ್ಟೋಕೆ ಹೊರಟು ಅರ್ಧಕ್ಕೇ ನಿಂತು ಸಾಲಗಾರರ ಜೈಲಿಗೆ ಹೋದವನು, ಅವನದ್ದೇ ಬೇರೆ ಥ್ರೆಡ್ ಆಗತ್ತೆ.) ರಾಜಧಾನಿನೇ ಬೇರೆ ಕಡೆ ಒಯ್ಯೋಣ ಅನ್ನೋ ಮಸೂದೆ ಬಂತು, 83-74ರಲ್ಲಿ ಬಿತ್ತು. ಒಂಬತ್ತು ಮತ. ಆಗ ಲಾ, ಡೇನಿಯಲ್ ಕ್ಯಾರೊಲ್ ಮತ್ತೆ ಇನ್ನೊಂದಷ್ಟು ಜಮೀನು ಮಾಲೀಕರು ಷೇರು ಹಾಕಿ ಸ್ವಂತ ದುಡ್ಡಲ್ಲಿ ಕಾಂಗ್ರೆಸ್ಸಿಗೆ ಒಂದು ಇಟ್ಟಿಗೆ ಕಟ್ಟಡ ಕಟ್ಟಿಕೊಟ್ರು. 1815ರ ಜುಲೈ 4ಕ್ಕೆ ಅಡಿಗಲ್ಲು, ಡಿಸೆಂಬರಿಗೆ ಕಾಂಗ್ರೆಸ್ಸು ಒಳಗೆ ಕೂತಿತ್ತು. ವರ್ಷಕ್ಕೆ 1,650 ಡಾಲರ್ ಬಾಡಿಗೆ. 1819ರ ತನಕ ಅಮೆರಿಕದ ಕಾನೂನುಗಳೆಲ್ಲ ಅಲ್ಲೇ ಆಗಿದ್ದು, ಅಧ್ಯಕ್ಷ ಜೇಮ್ಸ್ ಮನ್ರೋ 1817ರಲ್ಲಿ ಪ್ರಮಾಣ ವಚನ ತಗೊಂಡಿದ್ದು ಅದರ ಮುಂದೆ.

ಅವ್ರಿಗೆ ಸ್ವಾರ್ಥ ಇರ್ಲಿಲ್ವಾ ಅಂದ್ರೆ ಇತ್ತು, ರಾಜಧಾನಿ ಹೋದ್ರೆ ನಿವೇಶನಕ್ಕೆ ಕಾಸೂ ಸಿಗ್ತಿರ್ಲಿಲ್ಲ. ಆದ್ರೆ ಬೇರೆಯವ್ರಾಗಿದ್ರೆ ಸಿಕ್ಕಿದ್ದಕ್ಕೆ ಮಾರಿ ಓಡ್ತಿದ್ರು, ಇವನ ವಯಸ್ಸು ಆಗ 58.

ಬಳ್ಳಾರಿ ಬಿಸಿಲು:

ಐದು ತಿಂಗಳಿನ್ಯಾಗ ಅಂಥಾ ಕಟ್ಟಡ ಎಬ್ಬಿಸ್ಯಾರಂದ್ರ ಭಾಳ ಆತು ನೋಡ್ರಿ, ಅಷ್ಟು ಮಾತ್ರ ಮೆಚ್ಚಬೇಕು. ಆದ್ರ ಸರ, ಗಯಾದಿಂದ ಒಯ್ದ ಗಂಟು ಅವನ ಕೈಯಾಗ ಉಳೀತೇನು ಕೊನೀಗೆ?

ಪೊಟೋಮ್ಯಾಕ್ ದಂಡೆ:

ಬಹುಪಾಲು ಹೋಯ್ತು ಸರ್. ಜೈಲಿಗೆ ಹೋಗ್ಲಿಲ್ಲ, ಬೀದಿಗೂ ಬೀಳ್ಲಿಲ್ಲ, ಆದ್ರೆ ತಂದಿದ್ದಕ್ಕೆ ಹೋಲಿಸಿದ್ರೆ ಉಳಿದಿದ್ದು ಸ್ವಲ್ಪ. ಕೊನೆಗಾಲದಲ್ಲಿ ದೇಶಕ್ಕೆಲ್ಲ ಒಂದೇ ಕಾಗದದ ನಾಣ್ಯ ಬೇಕು ಅಂತ ಕಿರುಹೊತ್ತಗೆ ಮೇಲೆ ಕಿರುಹೊತ್ತಗೆ ಬರೀತಿದ್ದ. 1834ರ ಜುಲೈಲಿ ವಾಷಿಂಗ್ಟನ್ನಲ್ಲೇ ತೀರ್ಕೊಂಡ.

ತುಂಗಾತೀರ:

ನಮ್ಮ ತಂಗಿ ಮೇರಿಲ್ಯಾಂಡಲ್ಲಿದಾಳೆ, ರಜಾದಲ್ಲಿ ಹೋಗ್ತಿದೀನಿ. ಇವನು ಕಟ್ಟಿದ್ದು ಅಥವಾ ಇದ್ದಿದ್ದು ಏನಾದ್ರೂ ಉಳಿದಿದ್ಯಾ ಸರ್?

ಪೊಟೋಮ್ಯಾಕ್ ದಂಡೆ:

ಬನ್ನಿ ಮೇಡಂ, ಉಳಿದಿದೆ. ನೈಋತ್ಯ ಭಾಗದಲ್ಲಿ 6ನೇ ಬೀದಿ ಮತ್ತೆ ಎನ್ ಸ್ಟ್ರೀಟ್ ಹತ್ರ ಹನಿಮೂನ್ ಹೌಸ್ ಇದೆ, ಈಗ ಟೈಬರ್ ಐಲ್ಯಾಂಡ್ ಅನ್ನೋ ಅಪಾರ್ಟ್‌ಮೆಂಟ್ ಸಮುಚ್ಚಯದ್ದು, ಹೊರಗಿಂದ ನೋಡಬಹುದು. 1950ರ ದಶಕದಲ್ಲಿ ಆ ಕಡೆ ಇಡೀ ಬಡಾವಣೆ ಕೆಡವಿ ಹಾಕಿದ್ರು, ಬಡವರು, ಕಪ್ಪು ಜನರೇ ಹೆಚ್ಚಿದ್ದ ಜಾಗ, ಬೀದಿಗೆ ಬೀದಿನೇ ಹೋಯ್ತು, ಇಂಥ ಕೆಲವನ್ನ ಮಾತ್ರ ಉಳಿಸಿದ್ರು. ಅಲ್ಲಿಂದ ನಡೆದ್ರೆ 4ನೇ ಬೀದಿಲಿ ವೀಟ್ ರೋ ಅಂತ ನಾಲ್ಕು ಮನೆ ಸಾಲು, ಅದು ಗ್ರೀನ್‌ಲೀಫ್ ಕಂಪನಿ 1794ರ ಸುಮಾರಿಗೆ ಕಟ್ಟಿಸಿದ್ದು. ಜೆಫರ್ಸನ್ ಇದ್ದ ಮನೆ ಇಲ್ಲ, ಆ ಜಾಗದಲ್ಲಿ ಈಗ ಲಾಂಗ್‌ವರ್ತ್ ಕಟ್ಟಡ, ಸಂಸದರ ಕಚೇರಿಗಳು. ಇಟ್ಟಿಗೆ ಕ್ಯಾಪಿಟಲ್ ಇದ್ದ ಕಡೆ ಈಗ ಸುಪ್ರೀಂ ಕೋರ್ಟ್ ನಿಂತಿದೆ. ಆಗ್ನೇಯ ಭಾಗದ ಡಿ ಸ್ಟ್ರೀಟಲ್ಲಿ ದಿ ಮೇಪಲ್ಸ್ ಅನ್ನೋ ಮನೆನೂ ನೋಡಿ, ಅದು ಲಾ ಜೊತೆ ಬಂದ ಗೆಳೆಯ ವಿಲಿಯಂ ಡಂಕನ್‌ಸನ್ ಕಟ್ಟಿಸಿದ್ದು, ಅವನೂ ದಿವಾಳಿ ಎದ್ದ, ಆಮೇಲೆ ಅಮೆರಿಕದ ರಾಷ್ಟ್ರಗೀತೆ ಬರೆದ ಫ್ರಾನ್ಸಿಸ್ ಸ್ಕಾಟ್ ಕೀ ಕೈಗೆ ಹೋಯ್ತು. ಮೆಟ್ರೋಲಿ ವಾಟರ್‌ಫ್ರಂಟ್ ಸ್ಟೇಷನ್ನಲ್ಲಿ ಇಳೀರಿ, ಮೊದಲ ಎರಡಕ್ಕೆ ನಡೆದೇ ಹೋಗಬಹುದು, ಮಧ್ಯಾಹ್ನದ ಮುಂಚೆ ಹೋದ್ರೆ ಬಿಸಿಲು ಕಮ್ಮಿ ಇರತ್ತೆ.